ಅರ್ಥ ಆಗದಿದ್ರೂ ಮಾರ್ಕ್ಸ್ ಬರೋ ಪ್ಯಾಸೇಜು, ಪರೀಕ್ಷಾನ ಇಲ್ಲದ ಕಿವಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಎಲ್ಲಾ ಪತ್ರಿಕೆಗಳೊಳಗೂ ಯಾವ ಜಿಲ್ಲಾ ಮ್ಯಾಲೆ ಹೋತು ಯಾವುದು ಕೆಳಗ ಬಿತ್ತು ಅನ್ನೋದ ದೊಡ್ಡ ಸುದ್ದಿ. ಬಾಗಲಕೋಟಿ ಎಷ್ಟನೇದು, ವಿಜಯಪುರ ಎಷ್ಟನೇದು, ಚಿಕ್ಕೋಡಿ ಬೆಳಗಾವಿಗಿಂತ ಮುಂದ ಹೋತೇನು ಅಂತ ಚಾದ ಅಂಗಡಿಯೊಳಗೂ ಮಾತು. ಆದ್ರ ಆ ಹುಡುಗೂರಿಗೆ ಇಂಗ್ಲಿಷ್ ಪೇಪರ್ನ್ಯಾಗ ಓದಿದ್ದು ತಿಳೀತೋ ಇಲ್ಲೋ, ಯಾರರ ನಾಕು ಮಾತು ಇಂಗ್ಲಿಷ್ನ್ಯಾಗ ಹೇಳಿದ್ರ ಕಿವಿಗೆ ಹತ್ತತೈತೋ ಇಲ್ಲೋ ಅಂತ ಯಾರೂ ಕೇಳಂಗಿಲ್ಲ. ನಾನು ಜಮಖಂಡಿ ತಾಲೂಕಿನ ಒಂದು ಹೈಸ್ಕೂಲಿನ್ಯಾಗ ಇಂಗ್ಲಿಷ್ ಕಲಿಸ್ತೀನಿ, ಅದಕ್ಕೂ ಮೊದಲ ಪ್ರೈಮರಿಯೊಳಗ ಇದ್ದಾಗ ನಿಪ್ಪಾಣಿ ಕಡೆ ಮರಾಠಿ ಮೀಡಿಯಂ ಸಾಲ್ಯಾಗ ಕನ್ನಡ ಕಲಿಸ್ತಿದ್ದೆ. ಇಲ್ಲಿ ಹುಡುಗೂರಿಗೆ ಇಂಗ್ಲಿಷ್ ಎರಡನೇ ಭಾಷಾ, ಅಲ್ಲಿ ಹುಡುಗೂರಿಗೆ ಕನ್ನಡ ಎರಡನೇ ಭಾಷಾ, ತೊಂದ್ರಿ ಮಾತ್ರ ಎರಡೂ ಕಡೆ ಒಂದ.

ಮೊದಲ ಪ್ಯಾಸೇಜಿನ ವಿಷಯ, ಅಂದ್ರ ಪರೀಕ್ಷಾದಾಗ ಓದಿ ಕೆಳಗಿನ ಪ್ರಶ್ನಿಗೆ ಉತ್ತರ ಬರೀರಿ ಅಂತ ಕೊಡೋ ಬರಹ. ಈ ಸಾಲು ಓದ್ರಿ: "ಮರಕಿ ಗೊಂಬಳ್ಯಾಗ ಟುಸಕಿ ಲಬಡಿಸಿದ್ಲು, ಆಮೇಲೆ ಅದನ್ನ ಚಿಣಮಿಗೆ ಕೊಟ್ಲು." ಈಗ ಪ್ರಶ್ನಿ. ಮರಕಿ ಎಲ್ಲಿ ಟುಸಕಿ ಲಬಡಿಸಿದ್ಲು? ಯಾರಿಗೆ ಕೊಟ್ಲು? ಎರಡಕ್ಕೂ ನೀವು ಸರಿ ಉತ್ತರ ಬರೀತೀರಿ, ಪೂರಾ ಮಾರ್ಕ್ಸ್ ತಗೋತೀರಿ, ಆದ್ರ ಟುಸಕಿ ಅನ್ನೋದು ತಿನ್ನೋದೋ ಉಡೋದೋ ನಿಮಗ ಗೊತ್ತಿಲ್ಲ, ಯಾಕಂದ್ರ ಅದು ನಾನ ಹುಟ್ಟಿಸಿ ಬರದಿದ್ದು, ಅಂಥಾದ್ದೊಂದು ಇಲ್ಲವ ಇಲ್ಲ. ನಮ್ಮ ಹುಡುಗೂರು ಇಂಗ್ಲಿಷ್ ಪ್ಯಾಸೇಜಿಗೆ ಮಾಡೋದು ಇದನ್ನ. ಪ್ರಶ್ನಿಯೊಳಗಿನ ಒಂದು ಶಬ್ದ ಹಿಡೀತಾರ, ಅದು ಪ್ಯಾಸೇಜಿನ್ಯಾಗ ಎಲ್ಲಿ ಕುಂತೈತಿ ಅಂತ ಬೆರಳಿಟ್ಟು ಹುಡುಕ್ತಾರ, ಅಲ್ಲಿಂದ ಫುಲ್ ಸ್ಟಾಪ್ ತನಕ ಇದ್ದಿದ್ದು ಇದ್ದಂಗ ಇಳಿಸ್ತಾರ. ಪಾಸಿಂಗ್ ಪ್ಯಾಕೇಜ್ ಅಂತ ಹಂಚೋ ಹಾಳಿಯೊಳಗೂ ಇದನ್ನ ಮೊದಲನೇ ಟ್ರಿಕ್ ಅಂತ ಬರದಿರ್ತಾರ, ಮತ್ತ ಆ ಟ್ರಿಕ್ ಕೆಲಸಾನೂ ಮಾಡ್ತೈತಿ, ಹಂಗಾಗಿ ಕಲಿಸೋ ಮಾಸ್ತರರನ್ನ ಬೈಯೋದ್ರಾಗ ಅರ್ಥ ಇಲ್ಲ. ಮ್ಯಾಲಿಂದ ರಿಸಲ್ಟಿನ ಒತ್ತಡ ಇರ್ತೈತಿ, ಕ್ಲಾಸಿನ್ಯಾಗ ಫೇಲಾಗೋ ಹತ್ತು ಹುಡುಗೂರನ್ನ ದಾಟಿಸಬೇಕಾಗಿರ್ತೈತಿ. ಪ್ರಶ್ನಿ ಕೇಳೋ ರೀತಿನ ಹಂಗ ಇದ್ದಾಗ ಕಲಿಸೋ ರೀತಿ ಬ್ಯಾರೆ ಹೆಂಗ ಆದೀತು?

ಇದನ್ನ ಬದಲಿ ಮಾಡೋದು ಕಷ್ಟ ಏನಿಲ್ಲ. ಒಂದು ಸಣ್ಣ ಕಥಿ ತಗೋರಿ, ರೈತ ಒಬ್ಬಾಂವ ಮುಂಜಾನೆ ಸಂತಿಗೆ ಹೊಂಡತಾನ, ಬಾಗಲ ದಾಟಿ ಮುಗಿಲು ನೋಡ್ತಾನ, ಹೊಳ್ಳಿ ಒಳಗ ಹೋಗಿ ಛತ್ರಿ ತಗೊಂಡು ಬರ್ತಾನ. "ರೈತ ಎಲ್ಲಿಗೆ ಹೊಂಟಿದ್ದ" ಅಂತ ಕೇಳಿದ್ರ ಸಾಲು ಇಳಿಸಬಹುದು. "ಮುಗಿಲು ಹೆಂಗಿತ್ತು" ಅಂತ ಕೇಳಿದ್ರ ಇಳಿಸಾಕ ಸಾಲ ಇಲ್ಲ, ಆದ್ರ ಓದಿ ತಿಳಕೊಂಡ ಹುಡುಗಿ ಥಟ್ಟನ ಹೇಳ್ತಾಳ, ಮೋಡ ಆಗಿತ್ತು ಅಂತ. ಇನ್ನ ಬ್ಯಾರೆ ಕಥಿ ಇದ್ರ, ಐದನೇ ಸಾಲಿನ್ಯಾಗ 'ಹಿ' ಅಂತ ಐತಲ್ಲ ಅದು ಅಪ್ಪನೋ ಮಗನೋ, ಈ ಕಥಿಗೆ ಕೆಳಗಿನ ಮೂರರಾಗ ಯಾವ ಹೆಸರು ಒಪ್ತೈತಿ, ಈ ನಾಕು ಘಟನಾ ಯಾವುದರ ಹಿಂದ ಯಾವುದು ಆತು, ಹಿಂಗ ಕೇಳಾಕ ಬರ್ತೈತಿ. ಕ್ಲೋಜ್ ಟೆಸ್ಟ್ ಅಂತ ಒಂದೈತಿ, 1953ರಾಗ ವಿಲ್ಸನ್ ಟೇಲರ್ ಅನ್ನೋರು ತಂದಿದ್ದು, ಪ್ಯಾಸೇಜಿನ್ಯಾಗ ಪ್ರತಿ ಐದನೇದೋ ಏಳನೇದೋ ಶಬ್ದ ತೆಗೆದು ಖಾಲಿ ಗೆರಿ ಹಾಕೋದು, ಓದೋರು ಹಿಂದ ಮುಂದ ನೋಡಿ ತುಂಬಬೇಕು. ಅರ್ಥ ಹಿಡೀದ ತುಂಬಾಕ ಆಗಂಗಿಲ್ಲ. ಪ್ರಿಂಟ್ ಖರ್ಚೂ ಇಲ್ಲ, ಬೋರ್ಡಿನ ಮ್ಯಾಲೆ ಬರದು ಡಸ್ಟರ್ ತಗೊಂಡು ಅಲ್ಲಲ್ಲಿ ಅಳಿಸಿದ್ರ ಪ್ರಶ್ನಿ ರೆಡಿ.

ಒಂದು ಮಾತಿಗೆ ಮಾತ್ರ ನನ್ನ ಸಹೋದ್ಯೋಗಿಗಳು ಒಪ್ಪಂಗಿಲ್ಲ, ಆದ್ರೂ ಹೇಳ್ತೀನಿ. ಓದಿದ್ದು ತಿಳೀತೇನು ಅಂತ ನೋಡೋ ಪ್ರಶ್ನಿಗೆ ಹುಡುಗೂರು ಕನ್ನಡದಾಗ ಉತ್ತರ ಬರೆಯಾಕ ಬಿಡಬೇಕು, ಕನಿಷ್ಠ ಎಂಟನೇತ್ತ ತನಕ ಆದ್ರೂ. ಇಂಗ್ಲಿಷ್ ಬರವಣಿಗಿ ನೋಡಾಕ ಲೆಟರ್ ಐತಿ, ಎಸ್ಸೇ ಐತಿ, ಅಲ್ಲಿ ನೋಡ್ರಿ. ಇಲ್ಲಿ ಸ್ಪೆಲಿಂಗ್ ತಪ್ಪಿಗೆ ಅರ್ಧ ಮಾರ್ಕು, ಗ್ರಾಮರ್ ತಪ್ಪಿಗೆ ಅರ್ಧ ಮಾರ್ಕು ಕಡಿದ್ರ, ಪೂರಾ ತಿಳಕೊಂಡು ತನ್ನ ಮಾತಿನ್ಯಾಗ ಬರದಾಂವನಿಗೆ ಕಡಿಮಿ, ಏನೂ ತಿಳೀದ ಸಾಲು ಇಳಿಸಿದಾಂವನಿಗೆ ಪೂರಾ. ಅಂಥಾ ಪರೀಕ್ಷಾ ತಿಳುವಳಿಕಿ ಅಳೀತೈತಿ ಅಂತ ಹೆಂಗ ನಂಬೋದು?

ಪ್ಯಾಸೇಜ್ ಆರಿಸೋದ್ರಾಗೂ ಲಕ್ಷ್ಯ ಬೇಕು. ವಿಜಯಪುರದ ಸಾಲ್ಯಾಗ ಗೋಲಗುಮ್ಮಟದ ಮ್ಯಾಲೆ ಪ್ಯಾಸೇಜ್ ಕೊಟ್ಟು ಅದು ಎಲ್ಲಿ ಐತಿ, ಅಲ್ಲಿ ಕೂಗಿದ್ರ ಏನಾಗ್ತೈತಿ ಅಂತ ಕೇಳಿದ್ರ ಹುಡುಗೂರು ಒಂದು ಸಾಲೂ ಓದದ ಬರೀತಾರ. ಪೇಪರ್ ತೆಗಿಯೋ ಮಾಸ್ತರರು ಒಂದು ಸಲ ಪ್ಯಾಸೇಜ್ ಮುಚ್ಚಿಟ್ಟು ಬರೇ ಪ್ರಶ್ನಿ ಕೇಳಿ ನೋಡಬೇಕು, ಉತ್ತರ ಬಂತಂದ್ರ ಆ ಪ್ರಶ್ನಿ ತೆಗೀಬೇಕು. ಇದರ ತಿರುವು ಮುರುವೂ ಆಗ್ತೈತಿ. 1988ರಾಗ ಅಮೆರಿಕಾದಾಗ ರೆಕ್ಟ್ ಮತ್ತು ಲೆಸ್ಲಿ ಅನ್ನೋ ಇಬ್ಬರು ಬೇಸ್‌ಬಾಲ್ ಆಟದ ಮ್ಯಾಲೆ ಬರದಿದ್ದನ್ನ ಹುಡುಗೂರಿಗೆ ಓದಿಸಿ ನೋಡಿದ್ರು. ಓದಾಕ ಹಿಂದಿದ್ರೂ ಆಟ ಚಲೋ ಗೊತ್ತಿದ್ದವರು, ಓದಾಕ ಶಾಣ್ಯಾ ಇದ್ರೂ ಆಟ ಗೊತ್ತಿಲ್ಲದವರಿಗಿಂತ ಚಲೋ ತಿಳಕೊಂಡಿದ್ರು. ಅಂದ್ರ ಮುಧೋಳ ಕಡೆ ಹುಡುಗನಿಗೆ ಕಬ್ಬು ಕಡಿಯೋದರ ಮ್ಯಾಲೆ ಕೊಟ್ರ ಸಲೀಸು, ಹಿಮದ ಮ್ಯಾಲೆ ಸ್ಕೀಯಿಂಗ್ ಮಾಡೋದರ ಮ್ಯಾಲೆ ಕೊಟ್ರ ಅವನು ಕೆಡ್ತಾನ, ಅದು ಇಂಗ್ಲಿಷ್ ಬರಂಗಿಲ್ಲ ಅಂತ ಅಲ್ಲ. ಅದಕ್ಕ ಒಂದ ದೊಡ್ಡ ಪ್ಯಾಸೇಜಿನ ಬದಲಿ ಬ್ಯಾರೆ ಬ್ಯಾರೆ ವಿಷಯದ ಮೂರು ಸಣ್ಣ ಪ್ಯಾಸೇಜ್ ಇದ್ರ ಯಾರಿಗೂ ಅನ್ಯಾಯ ಆಗಂಗಿಲ್ಲ.

ಮತ್ತ ಪಾಠದ ಮಟ್ಟ. ಯಾರ ಸಹಾಯ ಇಲ್ಲದ ಓದಿ ತಿಳಕೋಬೇಕಂದ್ರ ನೂರು ಶಬ್ದದಾಗ ಸುಮಾರು 98 ಗೊತ್ತಿರಬೇಕು ಅಂತ ಹೂ ಮತ್ತು ನೇಷನ್ ಅನ್ನೋ ಹೆಸರಿನ ಇಬ್ಬರು ಭಾಷಾ ಸಂಶೋಧಕರು 2000ದಾಗ ಪ್ರಕಟ ಮಾಡಿದ ಅಭ್ಯಾಸದಾಗ ಹೇಳ್ಯಾರ. ಓದುಗರು ಮನಿಯೊಳಗ ಒಂದು ಕೆಲಸ ಮಾಡ್ರಿ, ನಿಮ್ಮ ಮಗನ ಅಥವಾ ಮಗಳ ಇಂಗ್ಲಿಷ್ ಪುಸ್ತಕದ ಯಾವುದರ ಒಂದು ಪುಟ ತಗೊಂಡು ಗೊತ್ತಿಲ್ಲದ ಶಬ್ದಕ್ಕೆಲ್ಲ ಪೆನ್ಸಿಲ್‌ನಿಂದ ಗೆರಿ ಹೊಡಿಸ್ರಿ. ನೂರಕ್ಕ ಎರಡು ಗೆರಿ ಬಿದ್ರ ಆ ಮಗು ತಾನ ಓದ್ತೈತಿ. ಇಪ್ಪತ್ತು ಬಿದ್ರ ಓದಾಕ ಆಗಂಗಿಲ್ಲ, ಬಾಯಿಪಾಠ ಮಾಡೋದ ಉಳೀತೈತಿ.

ಇನ್ನ ಕಿವಿಯ ವಿಷಯಕ್ಕ ಬರ್ತೀನಿ, ನನಗ ಇದರದ್ದ ಹೆಚ್ಚು ಸಂಕಟ. ಟ್ರೇನಿಂಗಿಗೆ ಹೋದಾಗೆಲ್ಲ ನಮಗ ಎಲ್‌ಎಸ್‌ಆರ್‌ಡಬ್ಲ್ಯೂ ಅಂತ ಹೇಳ್ತಾರ, ಮೊದಲ ಕೇಳೋದು, ಆಮೇಲೆ ಮಾತಾಡೋದು, ಆಮೇಲೆ ಓದೋದು, ಕಡೀಕ ಬರಿಯೋದು. ಎಸ್ಸೆಸ್ಸೆಲ್ಸಿ ಎರಡನೇ ಭಾಷಾದಾಗ 100ಕ್ಕ 80 ಬರವಣಿಗಿ ಪರೀಕ್ಷಾ, 20 ಇಂಟರ್ನಲ್, ಅಂದ್ರ ಸಾಲ್ಯಾಗನ ಹಾಕೋ ಮಾರ್ಕು. ಆ 80ರಾಗ ಕೇಳೋದಕ್ಕ ಒಂದು ಮಾರ್ಕೂ ಇಲ್ಲ. ಪರೀಕ್ಷಾದಾಗ ಇಲ್ಲದ್ದು ಕ್ಲಾಸಿನ್ಯಾಗೂ ಇಲ್ಲ, ಪುಸ್ತಕದಾಗ ಕೇಳೋ ಚಟುವಟಿಕಿ ಇದ್ರೂ ಪುಟ ಹೊಳ್ಳಿಸಿ ಮುಂದ ಹೋಗ್ತಾರ. ರಾಜ್ಯದ ಸರ್ಕಾರಿ ಸಾಲ್ಯಾಗ 2007-08ರಿಂದ ಒಂದನೇತ್ತದಿಂದನ ಇಂಗ್ಲಿಷ್ ಐತಿ. ಹತ್ತು ವರ್ಷ ಒಂದು ಭಾಷಾ ಕಲ್ತ ಹುಡುಗಿ ಆ ಭಾಷಾದಾಗ ಒಬ್ಬರು ಎರಡು ನಿಮಿಷ ಮಾತಾಡಿದ್ದನ್ನ ಒಂದು ಸಲಾನೂ ಪರೀಕ್ಷಾಕ್ಕ ಅಂತ ಕೇಳದ ಹೊರಗ ಹೋಗ್ತಾಳ.

ಹೋಗೋದೆಲ್ಲಿಗೆ? ಪಿಯುಸಿ ಸೈನ್ಸಿಗೆ. ಅಲ್ಲಿ ಲೆಕ್ಚರರ್ ಫಿಜಿಕ್ಸ್ ಇಂಗ್ಲಿಷ್ನ್ಯಾಗ ಹೇಳ್ತಾರ, ಈಕಿ ಕನ್ನಡ ಮೀಡಿಯಮ್ಮಿನ ಸಾಲಿಗೆ ಫಸ್ಟ್ ಬಂದಾಕಿ, ವಿಜ್ಞಾನ ಗೊತ್ತೈತಿ, ಇಂಗ್ಲಿಷ್ ಪೇಪರ್ನ್ಯಾಗ ತೊಂಬತ್ತು ತಗೊಂಡಾಳ, ಆದ್ರ ಮೊದಲ ತಿಂಗಳು ಪೂರಾ ಏನೂ ಕಿವಿಗೆ ಹತ್ತಂಗಿಲ್ಲ. ಬೋರ್ಡಿನ ಮ್ಯಾಲೆ ಬರದಿದ್ದು ಓದಿದ್ರ ತಿಳೀತೈತಿ, ಅದ ಮಾತು ಬಾಯಿಂದ ಬಂದ್ರ ತಿಳಿಯಂಗಿಲ್ಲ. ಯಾಕಂದ್ರ ಪುಸ್ತಕದಾಗ ಶಬ್ದ ಶಬ್ದದ ನಡುವ ಜಾಗಾ ಇರ್ತೈತಿ, ಮಾತಿನ್ಯಾಗ ಇರಂಗಿಲ್ಲ, ಸಣ್ಣ ಸಣ್ಣ ಶಬ್ದ ನುಂಗಿ ಹೋಗ್ತಾವ, ಒಂದಕ್ಕೊಂದು ಅಂಟ್ಕೋತಾವ, ಮತ್ತ ಒಮ್ಮೆ ಹೋದ್ರ ಹೋತು, ಹಿಂದಿನ ಸಾಲಿಗೆ ಹೋಗಿ ಮತ್ತ ನೋಡಾಕ ಬರಂಗಿಲ್ಲ. ನನ್ನ ಹತ್ರ ಕಲ್ತು ಹೋದ ಎಷ್ಟೋ ಹುಡುಗೂರು ದೀಪಾವಳಿ ಸೂಟಿಗೆ ಬಂದಾಗ ಸೈನ್ಸ್ ಬಿಟ್ಟು ಆರ್ಟ್ಸಿಗೆ ಹೋಗ್ತೀನ್ರಿ ಟೀಚರ್ ಅಂತ ಹೇಳ್ಯಾರ. ಆರ್ಟ್ಸ್ ಕಡಿಮಿ ಅಂತ ನಾನು ಹೇಳಾಕ ಹತ್ತಿಲ್ಲ. ಡಾಕ್ಟರೋ ನರ್ಸೋ ಆಗಬೇಕಂತ ಆಸೆ ಇಟ್ಕೊಂಡ ಹುಡುಗಿ ಬುದ್ಧಿ ಇದ್ದೂ ಬರೇ ಕಿವಿಗೆ ರೂಢಿ ಇಲ್ಲ ಅನ್ನೋ ಕಾರಣಕ್ಕ ದಾರಿ ಬಿಡೋದು ನನಗ ಸಹಿಸಾಕ ಆಗಂಗಿಲ್ಲ.

ದಕ್ಷಿಣ ಕೊರಿಯಾದಾಗ ಕಾಲೇಜ್ ಪ್ರವೇಶದ ರಾಷ್ಟ್ರೀಯ ಪರೀಕ್ಷಾದ ಇಂಗ್ಲಿಷ್ ಪೇಪರ್ನ್ಯಾಗ 45 ಪ್ರಶ್ನಿ, ಅದರಾಗ 17 ಕೇಳಿ ಉತ್ತರ ಬರಿಯೋವು. ಆ ಆಡಿಯೋ ಹಚ್ಚೋ ಹೊತ್ತಿನ್ಯಾಗ ಹುಡುಗೂರಿಗೆ ಸಪ್ಪಳ ಆಗಬಾರದಂತ ದೇಶದ ವಿಮಾನ ಹಾರೋದು ಇಳಿಯೋದು ಸುಮಾರು ಅರ್ಧ ತಾಸು ನಿಲ್ಲಿಸ್ತಾರ. ನಾವು ವಿಮಾನ ನಿಲ್ಲಿಸೋದೇನೂ ಬ್ಯಾಡ, ಆದ್ರ ಕಾರ್ಖಾನಿ ಸೀಜನ್ನಿನ್ಯಾಗ ಸಾಲಿ ಮುಂದ ಕಬ್ಬಿನ ಟ್ರ್ಯಾಕ್ಟರ್ ದೊಡ್ಡ ಟೇಪ್ ಹಚ್ಕೊಂಡು ಸಾಲಾಗಿ ಹೊಂಟಾಗ ನನ್ನ ಕ್ಲಾಸಿನ ಮೂರನೇ ಬೆಂಚಿನವರಿಗೆ ನನ್ನ ಕನ್ನಡಾನೂ ಕೇಳಂಗಿಲ್ಲ, ಇಂಗ್ಲಿಷ್ ದೂರ ಉಳೀತು. ಸಾಲಿ ಹತ್ರ ಆದ್ರೂ ಟೇಪ್ ಬಂದ್ ಮಾಡ್ರೆಪಾ ಅಂತ ಪಂಚಾಯ್ತಿಯವರು, ಕಾರ್ಖಾನಿಯವರು ಚಾಲಕರಿಗೆ ಹೇಳಬೇಕಂತ ಈ ಪತ್ರದ ಮೂಲಕನ ಕೇಳ್ಕೋತೀನಿ.

ನಿಪ್ಪಾಣಿ ಕಡೆ ಮಕ್ಕಳ ಕಷ್ಟ ಇನ್ನೊಂದು ಥರಾ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಪ್ರಕಾರ ರಾಜ್ಯದ ಎಲ್ಲಾ ಸಾಲ್ಯಾಗೂ ಕನ್ನಡ ಮೊದಲನೇ ಅಥವಾ ಎರಡನೇ ಭಾಷಾ ಆಗಿ ಕಲಿಸಬೇಕು, ಅದು ಸರಿನ, ನಾನು ಪೂರಾ ಒಪ್ತೀನಿ. ಆದ್ರ ಆ ಮರಾಠಿ ಮನಿ ಮಗು ಪುಸ್ತಕದಾಗ "ಬಸ್ಸು ಹೊರಡುತ್ತದೆ" ಅಂತ ಕಲೀತೈತಿ, ಸ್ಟ್ಯಾಂಡಿಗೆ ಬಂದ್ರ ಕಂಡಕ್ಟರ್ "ಹೊಂಟೈತಿ ಹತ್ರಿ" ಅಂತಾನ, ಸಂತ್ಯಾಗ ಮುದುಕಿ "ಏನ್ ಬೇಕಾಗಿತ್ತಬೇ" ಅಂತಾಳ. ಪುಸ್ತಕದ ಕನ್ನಡಕ್ಕ ನೂರಕ್ಕ ತೊಂಬತ್ತು ತಗೊಂಡ ಹುಡುಗ ಊರ ಕನ್ನಡ ಕೇಳಿದ್ರ ಬಾಯಿ ಬಿಡ್ತಾನ, ತನಗ ಕನ್ನಡ ಬರಂಗಿಲ್ಲ ಅಂತ ತಾನ ತೀರ್ಮಾನ ಮಾಡ್ಕೊಂಡು ಸುಮ್ಮನಾಗ್ತಾನ. ವಿಜಯಪುರದ ಉರ್ದು ಮೀಡಿಯಂ ಮಕ್ಕಳು ಈ ವಿಷಯದಾಗ ಸ್ವಲ್ಪ ಪುಣ್ಯವಂತರು, ಓಣ್ಯಾಗ ಕನ್ನಡ ಕಿವಿ ಮ್ಯಾಲೆ ಬೀಳ್ತಿರ್ತೈತಿ, ಅವರಿಗೆ ಉಲ್ಟಾ, ಕೇಳಿದ್ರ ತಿಳೀತೈತಿ ಓದೋದ ತ್ರಾಸು. ಒಬ್ಬರದು ಕಿವಿ ಹಿಂದ, ಇನ್ನೊಬ್ಬರದು ಕಣ್ಣು ಹಿಂದ, ಇಬ್ಬರಿಗೂ ಒಂದ ಪ್ರಶ್ನಿ ಪತ್ರಿಕಿ ಕೊಟ್ಟು ಒಂದ ಮಾರ್ಕು ಹಾಕಿದ್ರ ಯಾರಿಗೆ ಏನು ಕಲಿಸಬೇಕು ಅಂತ ಮಾಸ್ತರರಿಗೆ ಗೊತ್ತಾಗೋದಾದ್ರೂ ಹೆಂಗ.

ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಅನ್ನೋ ಇಬ್ಬರು ಸಂಶೋಧಕರು 1986ರಾಗ ಇದನ್ನ ಭಾಳ ಸರಳ ಮಾಡಿ ಹೇಳಿದ್ರು. ಓದಿ ತಿಳಕೊಳ್ಳೋದು ಅಂದ್ರ ಎರಡರ ಗುಣಾಕಾರ, ಅಕ್ಷರ ಕೂಡಿಸಿ ಶಬ್ದ ಓದೋದು ಒಂದು, ಕೇಳಿ ತಿಳಕೊಳ್ಳೋದು ಇನ್ನೊಂದು. ಕೂಡಿಸೋದಲ್ಲ, ಗುಣಾಕಾರ. ಒಂದು ಸೊನ್ನಿ ಆದ್ರ ಇನ್ನೊಂದು ಎಷ್ಟ ಇದ್ರೂ ಉತ್ತರ ಸೊನ್ನಿ. ನಮ್ಮಲ್ಲಿ ಹುಡುಗ ಎದ್ದು ನಿಂತು ಪಟಪಟ ಓದಿಬಿಟ್ರ ಇನ್ಸ್‌ಪೆಕ್ಷನ್ನಿಗೆ ಬಂದವರು ಶಭಾಷ್ ಅಂತಾರ. 2021ರಾಗ ಶುರುವಾದ, ಸಣ್ಣ ಮಕ್ಕಳಿಗೆ ಓದು ಲೆಕ್ಕ ಕಲಿಸೋ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನಾದಾಗ ಮೂರನೇತ್ತದ ಮಗು ನಿಮಿಷಕ್ಕ ಕನಿಷ್ಠ 60 ಶಬ್ದ ಅರ್ಥ ತಿಳಕೊಂಡು ಓದಬೇಕು ಅಂತ ಗುರಿ ಇಟ್ಟಾರ, ಆದ್ರ ಸಾಲಿಗೆ ಬರೋಷ್ಟ್ರಾಗ 60 ಅಷ್ಟ ಉಳೀತೈತಿ, ಅರ್ಥ ದಾರ್‍ಯಾಗ ಬಿದ್ದಿರ್ತೈತಿ. ಹಳ್ಳಿ ಮಕ್ಕಳಿಗೆ ಓದು ಲೆಕ್ಕ ಎಷ್ಟು ಬರ್ತೈತಿ ಅಂತ ನೋಡೋ ಅಸರ್ ಸರ್ವೇದವರು ಮನಿಗೆ ಬಂದು ಇಂಗ್ಲಿಷ್ ಓದಿಸೋವಾಗ ಶಬ್ದ ಓದಿದ ಮಗುವಿಗೆ ಇದರ ಅರ್ಥ ಏನು, ವಾಕ್ಯ ಓದಿದ ಮಗುವಿಗೆ ಇದು ಏನು ಹೇಳ್ತೈತಿ ಅಂತ ಅದರ ಭಾಷಾದಾಗನ ಕೇಳ್ತಾರ, ಅದು ನನಗ ಸರಿ ಅನ್ನಿಸ್ತೈತಿ.

ಇದೆಲ್ಲಾ ಹೊರಗಿನವರ ಮಾತು ಅಂತ ತಳ್ಳಿ ಹಾಕಬ್ಯಾಡ್ರಿ. ನಮ್ಮ ಬೆಂಗಳೂರಾಗನ 1979ರಿಂದ 1984ರ ತನಕ ಇಂಗ್ಲಿಷ್ ಕಲಿಸೋದರ ತಜ್ಞ ಎನ್.ಎಸ್. ಪ್ರಭು ಅವರ ಮುಂದಾಳತ್ವದಾಗ ಒಂದು ಪ್ರಯೋಗ ನಡೀತು, ಬೆಂಗಳೂರು ಪ್ರಾಜೆಕ್ಟ್ ಅಂತ ಜಗತ್ತಿನ ಭಾಷಾ ಶಿಕ್ಷಕರೆಲ್ಲ ಇವತ್ತಿಗೂ ಓದ್ತಾರ. ದಕ್ಷಿಣ ಭಾರತದ ಸಾದಾ ಸಾಲಿಗಳ ಮಕ್ಕಳಿಗೆ ಗ್ರಾಮರ್ ಪಟ್ಟಿ ಬದಿಗಿಟ್ಟು ಕೆಲಸ ಕೊಡ್ತಿದ್ರು, ರೈಲ್ವೆ ಟೈಮ್ ಟೇಬಲ್ ನೋಡಿ ಯಾವ ಗಾಡಿ ಹಿಡಿದ್ರ ಹೊತ್ತಿಗೆ ಮುಟ್ಟಬಹುದು, ನಕಾಶೆ ನೋಡಿ ಹೆಂಗ ಹೋಗೋದು, ಇಂಥಾವು. ತಲಿ ಅರ್ಥದ ಮ್ಯಾಲೆ ಇದ್ದಾಗ ಭಾಷಾ ತಾನ ಹತ್ತತೈತಿ ಅನ್ನೋದು ಅವರ ನಂಬಿಕಿ. ಫಿಜಿ ದೇಶದ ಹಳ್ಳಿ ಸಾಲ್ಯಾಗ ಎಲೀ ಮತ್ತು ಮಂಗುಭಾಯಿ ಅನ್ನೋರು ನಾಕನೇ ಐದನೇತ್ತದ ಮಕ್ಕಳಿಗೆ ಚಿತ್ರ ಇದ್ದ ಇಂಗ್ಲಿಷ್ ಕಥಿ ಪುಸ್ತಕ ರಾಶಿ ಕೊಟ್ಟು ದಿನಾ ಓದಿಸಿದ್ರು, 1983ರಾಗ ಪ್ರಕಟ ಆದ ಅದರ ವರದಿಯೊಳಗ ಆ ಮಕ್ಕಳು ಓದಿ ತಿಳಕೊಳ್ಳೋದು, ಕೇಳಿ ತಿಳಕೊಳ್ಳೋದು ಎರಡ್ರಾಗೂ ಸಾಮಾನ್ಯಕ್ಕಿಂತ ಎರಡು ಪಟ್ಟು ವೇಗದಾಗ ಮುಂದ ಹೋದ್ರು ಅಂತ ಐತಿ. ನಮ್ಮ ಎಷ್ಟೋ ಸಾಲ್ಯಾಗ ಲೈಬ್ರರಿ ಪುಸ್ತಕ ಹೆಡ್ ಮಾಸ್ತರ ರೂಮಿನ ತಿಜೂರಿಯೊಳಗ ಕೀಲಿ ಹಾಕ್ಕೊಂಡು ಕುಂತಾವ, ಹರದ್ರ ಲೆಕ್ಕ ಯಾರು ಕೊಡೋದು ಅನ್ನೋ ಅಂಜಿಕಿ. ಪುಸ್ತಕ ಹರಿದ್ರ ಹರೀಲಿ, ಅದು ಓದಿದ್ದಕ್ಕ ಸಾಕ್ಷಿ ಅಂತ ಇಲಾಖೆ ಒಂದು ಸುತ್ತೋಲೆ ಕಳಿಸಿದ್ರ ಅರ್ಧ ಕೆಲಸ ಆಗ್ತೈತಿ.

ಕೇಳಿಸೋ ಪರೀಕ್ಷಾಕ್ಕ ಲ್ಯಾಬ್ ಬೇಕು, ಹೆಡ್‌ಫೋನ್ ಬೇಕು ಅನ್ನೋದು ನೆಪ ಅಷ್ಟ. ಆಕಾಶವಾಣಿಯೊಳಗ "ಕೇಳಿ ಕಲಿ" ಅನ್ನೋ ಸಾಲಿ ಮಕ್ಕಳ ಪಾಠದ ಕಾರ್ಯಕ್ರಮ ಬರ್ತಿದ್ದಾಗ ಒಂದು ರೇಡಿಯೋ ಮುಂದ ಇಡೀ ಕ್ಲಾಸು ಕುಂಡ್ರುತ್ತಿತ್ತು. ಈಗ ಎಲ್ಲಾ ಮಾಸ್ತರರ ಕೈಯಾಗ ಮೊಬೈಲ್ ಐತಿ, ಒಂದು ಸಣ್ಣ ಸ್ಪೀಕರ್ ಸಾಕು, ಅದೂ ಇಲ್ಲಂದ್ರ ಮಾಸ್ತರರ ಬಾಯಿನ ಸಾಕು. ನನ್ನ ಕ್ಲಾಸಿನ್ಯಾಗ ನಾನು ಮಾಡೋದು ಹಿಂಗ: ಪ್ರಶ್ನಿ ಮೊದಲ ಕೊಡ್ತೀನಿ, ಏನು ಹುಡುಕಬೇಕು ಅಂತ ಗೊತ್ತಿದ್ರ ಕಿವಿ ನೆಟ್ಟಗಾಗ್ತೈತಿ. ಆಮೇಲೆ ಬಾಗಲಕೋಟಿ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಥರಾ ಒಂದು ಮಾತು ಇಂಗ್ಲಿಷ್ನ್ಯಾಗ ಹೇಳ್ತೀನಿ, ಗಾಡಿ ನಲವತ್ತು ನಿಮಿಷ ಲೇಟು, ಒಂದನೇದರ ಬದಲಿ ಎರಡನೇ ಪ್ಲಾಟ್‌ಫಾರ್ಮಿಗೆ ಬರ್ತೈತಿ ಅಂತ. ಎಷ್ಟನೇ ಪ್ಲಾಟ್‌ಫಾರ್ಮ್ ಅಂತ ನಾನು ಕೇಳಂಗಿಲ್ಲ, ನೀನು ಅಜ್ಜಿ ಜೊತಿ ಒಂದನೇ ಪ್ಲಾಟ್‌ಫಾರ್ಮಿನ ಮ್ಯಾಲೆ ಚೀಲ ಇಟ್ಕೊಂಡು ನಿಂತಿ, ಈಗ ಏನು ಮಾಡ್ತಿ, ಊಟ ಮಾಡಾಕ ಹೊತ್ತು ಐತೇನು ಅಂತ ಕೇಳ್ತೀನಿ. ಎರಡು ಸಲ ಹೇಳ್ತೀನಿ, ಮೂರನೇ ಸಲ ಇಲ್ಲ. ಮೊದಮೊದಲ ಹುಡುಗೂರು ಮಕಮಕ ನೋಡ್ತಿದ್ರು, ಈಗ ಹಿಂದಿನ ಬೆಂಚಿನ ಹುಡುಗಾನೂ ಕೈ ಎತ್ತತಾನ, ಇಂಗ್ಲಿಷ್ ಪೇಪರ್ನ್ಯಾಗ ಪಾಸಾಗದ ಹುಡುಗ ಅಂವ.

ಇಲಾಖೆಯವರಿಗೆ, ಶಿಕ್ಷಣ ತಜ್ಞರಿಗೆ ನನ್ನ ಬೇಡಿಕಿ ದೊಡ್ಡದೇನಿಲ್ಲ. ಆ 20 ಇಂಟರ್ನಲ್ ಮಾರ್ಕಿನ್ಯಾಗ 5 ಮಾರ್ಕು ಕೇಳಿ ತಿಳಕೊಳ್ಳೋದಕ್ಕ ಅಂತ ಎತ್ತಿಡ್ರಿ, ಮತ್ತ ಅದನ್ನ ಖರೇನ ಮಾಡಿಸ್ರಿ, ಆಡಿಯೋ ಒಂದ ಕಡೆಯಿಂದ ಎಲ್ಲಾ ಸಾಲಿಗೂ ಹೋಗ್ಲಿ, ಸಾಲಿ ತಾನ ಮನಸಿಗೆ ಬಂದಂಗ ಐದಕ್ಕ ಐದು ಹಾಕ್ಕೊಳ್ಳೋದು ಬ್ಯಾಡ. ಪಬ್ಲಿಕ್ ಪೇಪರಿನ ಪ್ಯಾಸೇಜಿನ್ಯಾಗ ಅರ್ಧ ಪ್ರಶ್ನಿ ಆದ್ರೂ ಸಾಲು ಇಳಿಸಿ ಬರಿಯಾಕ ಬರದಂಥಾವು ಇರ್ಲಿ, ಒಮ್ಮೆಲೆ ಬದಲಿ ಮಾಡಿದ್ರ ಹುಡುಗೂರು ಕೆಡ್ತಾರ, ಎರಡು ಮೂರು ವರ್ಷದಾಗ ನಿಧಾನಕ ಮಾಡ್ರಿ, ಮಾಡೆಲ್ ಪೇಪರ್ ಮೊದಲ ಕೊಡ್ರಿ. ಮಾಸ್ತರರಿಗೆ ಟ್ರೇನಿಂಗ್ ಕೊಡೋ ಇಳಕಲ್ ಡಯಟ್ ಸಂಸ್ಥೆಯವರು, ಬೆಳಗಾವಿ, ಚಿಕ್ಕೋಡಿ, ವಿಜಯಪುರದವರು ಕೂಡಿ ಬೇಸಿಗಿ ಸೂಟ್ಯಾಗ ಮಾಸ್ತರರನ್ನ ಕೂಡಿಸಿ ನಮ್ಮ ಕಡೆ ವಿಷಯದ್ದೂ ಹೊರಗಿನ ವಿಷಯದ್ದೂ ಪ್ಯಾಸೇಜು, ಆಡಿಯೋ ಒಂದು ಕಡೆ ಕೂಡಿಟ್ರ ಎಲ್ಲಾ ಸಾಲಿಗೂ ಉಪಯೋಗ. ಗಡಿ ಭಾಗದ ಮರಾಠಿ ಸಾಲಿಗಳಿಗೆ ಅಂತ ನಮ್ಮ ಊರ ಕನ್ನಡದ ಆಡಿಯೋ ಬ್ಯಾರೆ ಮಾಡ್ರಿ, ಕಂಡಕ್ಟರ್, ದವಾಖಾನಿ ನರ್ಸು, ಅಂಗಡಿಯಾಂವ, ಇವರೆಲ್ಲ ಹೆಂಗ ಮಾತಾಡ್ತಾರ ಹಂಗ. ಇದಕ್ಕ ಕರೆದ್ರ ನಾನೂ ಬರ್ತೀನಿ, ಸೂಟಿ ಬಿಟ್ಟು ಬರಾಕ ತಯಾರದೀನಿ, ನನ್ನಂಗ ಬರೋರು ಇನ್ನೂ ಭಾಳ ಮಂದಿ ಅದಾರ.

– ಒಬ್ಬ ಇಂಗ್ಲಿಷ್ ಶಿಕ್ಷಕಿ, ಜಮಖಂಡಿ ತಾಲೂಕು, ಬಾಗಲಕೋಟೆ ಜಿಲ್ಲೆ